ಖಾಲಿ ತೂಕ

ಮೊದಲು ಖಾಲಿ ಲಾರಿ ತೂಗಬೇಕು.
ಆಮೇಲೆ ತುಂಬಿದ್ದು.
ಕಳೆದರೆ ಉಳಿಯುವುದು ಆಲೂಗಡ್ಡೆ.
ಹದಿನಾಲ್ಕು ವರ್ಷದಿಂದ ಇದೇ ಲೆಕ್ಕ ನನ್ನದು,
ಹಾಸನದ ಮಂಡಿಯ ಪಕ್ಕ, ಶೀಟಿನ ಗೂಡಿನಲ್ಲಿ,
ಕಿಟಕಿಯಿಂದ ರಸೀತಿ ಹರಿದು ಕೊಡುತ್ತಾ.

ಒಂದು ಕೈಯಲ್ಲಿ ರಸೀತಿ, ಇನ್ನೊಂದರಲ್ಲಿ ಫೋನು.
ಅದರೊಳಗೆ ಅಕ್ಕತಂಗಿಯರದು ಒಂದು ಗ್ರೂಪು,
ಅಕ್ಕನನ್ನು ಬಿಟ್ಟು ತಂಗಿಯರದೇ ಇನ್ನೊಂದು,
ತಣ್ಣೀರುಹಳ್ಳದ ನಲ್ಲಿನೀರಿನದು,
ಚೀಟಿ ದುಡ್ಡಿನದು, ಹತ್ತನೇ ಕ್ಲಾಸಿನವರದು.
ಬೆಳಿಗ್ಗೆ ಗುಲಾಬಿ, ರಾತ್ರಿ ಚಂದ್ರ,
ನಡುವೆ ಯಾರದೋ ಮೊಮ್ಮಗುವಿನ ಮೊದಲ ಹಲ್ಲು.
'ಊಟ ಆಯ್ತಾ' ಅಂತ ದಿನಕ್ಕೆ ಒಂಬತ್ತು ಜನ.
ಒಂಬತ್ತು ಸಲ ಉಣ್ಣುತ್ತೇನೆ.

ಮೊನ್ನೆ ಮಂಗಳವಾರ
ರಾಗಿ ನೆನೆಹಾಕಿದ ಬಕೆಟ್ಟಿಗೆ ಬಿತ್ತು.
ಬಿದ್ದ ಮೇಲೂ ಬೆಳಗುತ್ತಿತ್ತು;
ನೀರಿನೊಳಗಿಂದ ಪುಟ್ಟನಿಂಗಿ ಏನೋ ಕೇಳುತ್ತಿದ್ದಳು,
ಗುಳುಗುಳು ಅಂದು ಸುಮ್ಮನಾದಳು.

ರಿಪೇರಿ ಹುಡುಗ ಮುದಸ್ಸಿರ್ 'ಲಾಕ್ ಹೇಳಿ ಆಂಟಿ' ಅಂದ.
ಬಾಯಲ್ಲಿ ಬರಲಿಲ್ಲ. ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದೆ,
ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆದ ಹಾಗೆ.
ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.
'ಶುಕ್ರವಾರ ಬನ್ನಿ.'

ಆ ಮನೆಯಲ್ಲಿ ಒಬ್ಬಳೇ ಇದ್ದು ಎಂಟು ವರ್ಷ.
ಒಬ್ಬಳೇ ಅಂತ ಗೊತ್ತಾದದ್ದು ಬುಧವಾರ.

ಸಂಜೆ ಕಾಫಿಗಿಟ್ಟೆ. ದಿನವೂ ಇದೇ ಹೊತ್ತಿಗೆ
ಅತ್ತ ಪುಟ್ಟನಿಂಗಿ, ಇತ್ತ ನಾನು, ನಡುವೆ ಗಾಜು;
ಪುಡಿ ಎಷ್ಟು ಹಾಕಿದೆನೆಂದು ನೋಡಿದವರಾರು?
ಇವತ್ತು ಡಬ್ಬಿ ಮುಂದೆ ಕೈ ನಿಂತುಬಿಟ್ಟಿತು.
ಎದುರಿಗೆ ಕೂತಿದ್ದಳು ಕರೆಯದೆ ಬಂದ ನೆಂಟಳು,
ನನ್ನದೇ ಸೀರೆ, ನನ್ನದೇ ಮಂಡಿನೋವು.
ಸಕ್ಕರೆ ಎಷ್ಟಮ್ಮಾ ಅಂತ ಕೇಳಲು ನಾಚಿಕೆ.
ಟೀವಿ ಹಾಕಿದೆ. ಅವಳೂ ನೋಡಿದಳು.

ನಮ್ಮೂರ ಅಮ್ಮ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ.
ಉಳಿದ ದಿನವೆಲ್ಲ ಒಂದು ದೀಪ, ಒಂದಿಷ್ಟು ಹೂವು.
ಒಳಗೆ ಏನು ಮಾಡ್ತೀಯ ಅಂತ ಯಾರೂ ಕೇಳುವುದಿಲ್ಲ.
ನಾನು ಸ್ನಾನಕ್ಕೆ ಹೋದರೂ
'ಎಲ್ಲಿದ್ದೀಯ, ಆನ್‌ಲೈನ್ ಕಾಣ್ತಿಲ್ಲ.'
ಅಭ್ಯಾಸ ಬೇಕು ತಾಯಿ ಅದಕ್ಕೆ,
ಒಂದೇ ವಾರದಲ್ಲಿ ಬರುವಂಥದ್ದಲ್ಲ.

ಗುರುವಾರ ಮಧ್ಯಾಹ್ನ ಲಾರಿ ಇರಲಿಲ್ಲ.
ಹಮಾಲಿ ಚೆಲುವಯ್ಯ ಚೀಲದ ಮೇಲೆ ನಿದ್ದೆ.
ಏನು ತೋಚಿತೋ, ಚಪ್ಪಲಿ ಬಿಟ್ಟು
ತೂಕದ ಹಾಸಿನ ನಟ್ಟನಡುವೆ ಹೋಗಿ ನಿಂತೆ.
ಕಬ್ಬಿಣ ಸುಡುತ್ತಿತ್ತು.
ಹೊರಗಿನ ಬೋರ್ಡಿನಲ್ಲಿ ಕೆಂಪಗೆ: ಐವತ್ತು. ಅರವತ್ತು. ಐವತ್ತು.
ಹತ್ತು ಕೆಜಿಯೊಳಗಿನ ಲೆಕ್ಕ ಅದಕ್ಕೆ ಬಾರದು,
ಅರವತ್ತು ಟನ್ನಿನ ಯಂತ್ರ, ಸಣ್ಣಪುಟ್ಟದ್ದು ಕಾಣುವುದಿಲ್ಲ.
'ಇಂಜಿನ್ ಆಫ್ ಮಾಡಯ್ಯ, ಅಲ್ಲಾಡಿದರೆ ತೂಕ ನಿಲ್ಲಲ್ಲ'
ಅಂತ ದಿನಾ ಡ್ರೈವರುಗಳಿಗೆ ಕೂಗುವವಳು ನಾನೇ.

ಆಫ್ ಮಾಡಿದೆ.

ಬಂದದ್ದು ಶಾಂತಿಯಲ್ಲ.
ಅಪ್ಪನ ತಿಥಿಯ ದಿನ ಅಕ್ಕನಿಗೆ ಒಂದು ಮಾತು ಅಂದಿದ್ದೆ,
ಬಡಿಸುತ್ತಾ, ಪಂಕ್ತಿಯ ಎದುರಿಗೇ.
ಆರು ವರ್ಷ ಅದು ಎಲ್ಲಿ ಕಾದು ಕೂತಿತ್ತೋ,
ಗದ್ದಲ ಮುಗಿಯಲಿ ಅಂತ, ಸಾಲಿನಲ್ಲಿ ನಿಂತ ಲಾರಿಯ ಹಾಗೆ.
ಸೀದಾ ಹಾಸಿನ ಮೇಲೆ ಬಂತು.
ಬೋರ್ಡು ಅರವತ್ತಕ್ಕೆ ನಿಂತೇ ಇತ್ತು.

ಹಿಂದಿನಿಂದ ಹಾರನ್ನು. ಹೊಳೆನರಸೀಪುರದ ಗಾಡಿ.
ಡ್ರೈವರು ತಲೆ ಹೊರಹಾಕಿ ನಕ್ಕ:
'ಏನಕ್ಕಾ, ಲೋಡಾ, ಖಾಲಿಯಾ?'
'ಖಾಲಿ' ಅಂದೆ. ಇಳಿದೆ.
ಖಾಲಿ ಅಂದರೆ ಸೊನ್ನೆಯಲ್ಲ ಅಂತ ಅವನಿಗೂ ಗೊತ್ತು,
ಅವನ ಖಾಲಿ ಗಾಡಿಯೇ ಏಳು ಟನ್ನು.

ಶುಕ್ರವಾರ ಮುದಸ್ಸಿರ್ ಬೈದ:
'ಬುಧವಾರಾನೇ ರೆಡಿ ಇತ್ತು ಆಂಟಿ,
ಫೋನ್ ಮಾಡಿ ಹೇಳೋಣ ಅಂದ್ರೆ, ಯಾವುದಕ್ಕೆ ಮಾಡ್ಲಿ?'
ಆನ್ ಮಾಡಿದರೆ ಅಂಗೈಯಲ್ಲಿ ಜೇನುಗೂಡು.
ಒಂಬತ್ತು ಜನಕ್ಕೂ ಬರೆದೆ: ಆಯ್ತು, ನಿಮ್ದು?
ಅಕ್ಕ ಕೇಳಿರಲಿಲ್ಲ.
ಅವಳ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತ್ತು,
ಆಮೇಲೆ ಲಾರಿ ಬಂತು.

ಒಬ್ಬಳಿಗೆ ಒಂದೂವರೆ ಚಮಚ ಪುಡಿ.
ಸಕ್ಕರೆ ಬೇಡವಂತೆ ಅವಳಿಗೆ.
ಸದ್ಯಕ್ಕೆ ಇಷ್ಟು ಗೊತ್ತಾಗಿದೆ.